ದೇವಕ್ಕ ಹೇಳಿದ ಗಿಡ

ತುಳಸಿ ಬೇರುಸಮೇತ ಮೇಲೆ ಬಂತು.

ರಾಮಾಂಜಿನಪ್ಪ ಅದನ್ನೊಮ್ಮೆ ಕೊಡವಿದರು. ಬೇರಿಗೆ ಕಚ್ಚಿಕೊಂಡಿದ್ದ ಮಣ್ಣನ್ನು ಬೆರಳಿಂದ ಕೆದಕಿ, ಏನೂ ಸಿಗದೆ ಅಂಗಳಕ್ಕೆ ಎಸೆದರು. ಅಲ್ಲಿ ಆಗಲೇ ಗುಲಾಬಿ, ಕನಕಾಂಬರ, ಕರಿಬೇವು ಸಾಲಾಗಿ ಮಲಗಿದ್ದವು. ಕಾಂಪೌಂಡಿನ ಉದ್ದಕ್ಕೂ ಕುಂಡಗಳು ಬಾಯಿ ತೆರೆದುಕೊಂಡು ಉರುಳಿದ್ದವು.

“ಎಲ್ಲಮ್ಮಾ? ಗಿಡದಾಗೆ ಇಟ್ಟ ಅಂದ್ಯಲ್ಲ. ಎಲ್ಲೈತೆ ಸರ?”

“ಇದಲ್ರೀ ಮಾಲಕ್ರ...” ದೇವಕ್ಕನ ಗಂಟಲು ಅತ್ತು ಅತ್ತು ಒಡೆದಿತ್ತು. “ಸರ ಇಟ್ಟಾ ಅಂತ ನಾ ಅಂದಿಲ್ರೀ. ನಿನ್ನಿ ಯಾವನೋ ಏನೋ ಸಿಗಿಸಿದಾ ಅಂದ್ನಿ. ಆ ಗಿಡದಾಗ.”

“ಆ ಗಿಡ, ಈ ಗಿಡ! ಮನೇಲಿರೋ ಗಿಡನೆಲ್ಲಾ ಕಿತ್ತಾಕಿಸ್ಬುಟ್ಟೆ. ಇನ್ನ ನನ್ ತಲೆ ಮ್ಯಾಲೆ ಏನಾರ ಬೆಳ್ದೈತಾ ನೋಡು, ಅದ್ನೂ ಕೀಳ್ತೀನಿ.”

ಅವರ ತಲೆ ಬೋಳಾಗಿತ್ತು. ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು.

ಸೊಸೆ ಜ್ಯೋತಿಲಕ್ಷ್ಮಿ ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಮಣ್ಣು ಗುಡಿಸಲೆಂದು ಬಂದವಳು ಒಂದು ಗೀಟೂ ಗುಡಿಸಿರಲಿಲ್ಲ. ಯುಗಾದಿಯಿಂದೀಚೆಗೆ ಮಾವಿನತೋಪಿನ ಬೀದಿಯಲ್ಲಿ ಬೀಗ ಮುರಿಯದೆ, ಬಾಗಿಲು ಮೀಟದೆ ಮನೆಯ ಮೇಲೆ ಮನೆ ಬರಿದಾಗುತ್ತಿತ್ತು. ಇವತ್ತು ಬೆಳಿಗ್ಗೆ ಸರದಿ ಅವಳ ಅತ್ತೆ ವೆಂಕಟಮ್ಮನ ಕಾಸಿನ ಸರಕ್ಕೆ ಬಂದಿತ್ತು.

ಕೈಗೆ ಸಿಕ್ಕವನು ಹಣಮಂತ. ದೇವಕ್ಕನ ತಮ್ಮ. ಹಿಂದಿನ ಸಾಲುಮನೆಯಲ್ಲಿ ಅಕ್ಕನ ಜೊತೆ ಬಾಡಿಗೆಗಿದ್ದು ಬೊಮ್ಮಸಂದ್ರದ ಕಾರ್ಖಾನೆಗೆ ಹೋಗುವ ಹುಡುಗ. ಬೆಳಿಗ್ಗೆ ರುಬ್ಬುವ ಕಲ್ಲು ಸರಿಸಿಕೊಡಲು ಒಳಗೆ ಬಂದಿದ್ದ; ಅಷ್ಟೇ ಸಾಕಾಯಿತು. ಈಗ ಅವನು ಅವನದೇ ಕೋಣೆಯಲ್ಲಿ ಬಂದಿ. ಹೊರಗಿನಿಂದ ಬೀಗ. ಬೀಗದ ಕೈ ರಾಮಾಂಜಿನಪ್ಪನ ಉಡಿದಾರದಲ್ಲಿ, ಅವನ ಫೋನು ರಾಮಾಂಜಿನಪ್ಪನ ಜೇಬಿನಲ್ಲಿ.

“ಯಕ್ಕಾ, ನಾ ಅಲ್ಲ!” ಬಾಗಿಲ ಹಿಂದಿನಿಂದ ಆಗಾಗ ಒಂದು ಕೂಗು.

ಠಾಣೆಗೆ ಫೋನು ಹೋಗಿಯಾಗಿತ್ತು. ಜೀಪು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಕಂಪನಿಯವರು ಹಣಮಂತನನ್ನು ಕಾಯಂ ಮಾಡಿಕೊಳ್ಳಲು ಪೊಲೀಸ್ ವೆರಿಫಿಕೇಶನ್ ಕೇಳಿದ್ದರು. ಅದೇ ಪೊಲೀಸರ ಜೀಪು ಹತ್ತಿದ ಮೇಲೆ ಯಾವ ವೆರಿಫಿಕೇಶನ್? ಇದು ಎಲ್ಲರಿಗೂ ಗೊತ್ತಿತ್ತು. ದೇವಕ್ಕನಿಗೆ ಎಲ್ಲರಿಗಿಂತ ಹೆಚ್ಚಾಗಿ.

“ಮಾವ, ಒಂದ್ನಿಮಿಷ ಸುಮ್ನಿರಿ.” ಜ್ಯೋತಿಲಕ್ಷ್ಮಿ ಕೆಳಗಿಳಿದಳು. “ದೇವಕ್ಕ, ನೆನ್ನೆ ನೀವು ನೋಡಿದಾಗ ಅವನು ಕೂತಿದ್ನಾ, ನಿಂತಿದ್ನಾ?”

“ಏರಿದ್ದಾರೀ.”

“ಏನಂದ್ರಿ?”

“ಗಿಡಾ ಏರಿದ್ದಾರೀ ಅಕ್ಕಾರ. ಬೆನ್ನು ಈ ಕಡೆ ಇತ್ತು, ತಲಿ ಮ್ಯಾಲ ಟೊಪಗಿ. ಮಾರಿ ಕಾಣ್ಲಿಲ್ಲ. ಏನೋ ಸಿಗಿಸಿ ಸರ್ರನ ಇಳದು ಹೋದಾ.”

ರಾಮಾಂಜಿನಪ್ಪ ಗುಲಾಬಿಯ ಕಡ್ಡಿಯೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದರು. “ಕೇಳುದ್ರೇನ್ರಪ್ಪಾ? ಇದ್ರ ಮ್ಯಾಲೆ ಅತ್ತಿದ್ನಂತೆ. ತಮ್ಮನ್ನ ಉಳಿಸ್ಕೊಳೋಕೆ ಏನ್ ಕತೆ ಕಟ್ತಾಳೆ ನೋಡಿ!”

ಗೇಟಿನ ಬಳಿ ನೆರೆದಿದ್ದವರಲ್ಲಿ ಒಂದಿಬ್ಬರು ನಕ್ಕೇಬಿಟ್ಟರು. ಜ್ಯೋತಿಲಕ್ಷ್ಮಿ ನಗಲಿಲ್ಲ. ಸುಳ್ಳು ಹೇಳುವವರು ನಂಬುವಂಥದ್ದನ್ನು ಹೇಳುತ್ತಾರೆ. ಗುಲಾಬಿ ಗಿಡ ಹತ್ತಿದ ಎಂದು ಯಾರು ಹೇಳುತ್ತಾರೆ?

ದೇವಕ್ಕ ಆ ಮಾತು ಹೇಳುವಾಗೆಲ್ಲ ಗದ್ದ ಎತ್ತುತ್ತಿದ್ದಳು. ಕುಂಡಗಳಿದ್ದದ್ದು ಕೆಳಗೆ.

“ದೇವಕ್ಕ, ನಿಮ್ಮೂರಲ್ಲಿ ಹುಣಸೆ ಇದೆಯಾ?”

“ಅದ್ಯಾಕ್ರೀ ಈಗ?”

“ಹೇಳಿ. ಏನಂತೀರ ಅದಕ್ಕೆ?”

“ಹುಣಚಿ ಗಿಡಾ ಅಂತೀವ್ರೀ.”

“ಆಲ?”

“ಆಲದ ಗಿಡಾ.”

“ಹಾಗಾದ್ರೆ ಮರ ಅಂದ್ರೇನು?”

ದೇವಕ್ಕ ಕಣ್ಣೊರೆಸಿಕೊಂಡು, ಈ ಹೆಂಗಸಿಗೆ ಏನಾಯಿತು ಎಂಬಂತೆ ನೋಡಿದಳು. “ಮರಾ ಅಂದ್ರ... ಜ್ವಾಳಾ ಕೇರೂದಲ್ರೀ? ಮನಿಯಾಗೈತಿ. ತರ್ಲೇನು?”

ಎಲ್ಲರ ತಲೆಗಳೂ ನಿಧಾನವಾಗಿ, ಯಾರೋ ದಾರ ಎಳೆದಂತೆ, ಮೇಲೆದ್ದವು.

ಕಾಂಪೌಂಡಿನ ಆಚೆ, ಖಾಲಿ ಸೈಟಿನ ಮೂಲೆಯಲ್ಲಿ ಹೊಂಗೆಮರ. ಅದರ ದೊಡ್ಡ ಕೊಂಬೆಯೊಂದು ಗೋಡೆ ದಾಟಿ ಈಚೆ ಬಾಗಿತ್ತು. ಇಷ್ಟು ಹೊತ್ತೂ ಮಾವ ಮಣ್ಣು ನೋಡುತ್ತಿದ್ದರು, ದೇವಕ್ಕ ಎಲೆ ನೋಡುತ್ತಿದ್ದಳು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಪದ, ಗಿಡ.

“ಅಯ್ಯೋ, ಶುಕ್ರವಾರದ ದಿವ್ಸ ತುಳಸಿ ಕಿತ್ತಾಕ್ಬುಟ್ರಲ್ಲ!” ಬಾಗಿಲಲ್ಲಿ ಕೂತಿದ್ದ ವೆಂಕಟಮ್ಮ ಎದ್ದರು. “ತತ್ತೀನಿ ತಡೀರಿ, ಒಂದ್ ಚೆಂಬು ನೀರಾದ್ರೂ ಉಯ್ಯಾಣ.” ಅವರು ಒಳಗೆ ಹೋದರು. ಆ ಗಳಿಗೆಯಲ್ಲಿ ತುಳಸಿ ಯಾರಿಗೂ ಬೇಕಿರಲಿಲ್ಲ.

ಕೇಬಲ್ ಲೋಕೇಶ್ ಗೇಟಿನ ಬಳಿ ಬೈಕಿಗೆ ಒರಗಿ ನಿಂತಿದ್ದ. ಬೀದಿಗೆಲ್ಲ ಇಂಟರ್ನೆಟ್ ಎಳೆದವನು ಅವನೇ. ಏಣಿ ಸದಾ ಬೈಕಿನ ಪಕ್ಕಕ್ಕೆ ಕಟ್ಟಿರುತ್ತಿತ್ತು. ಟೋಪಿಯೂ ಸದಾ ತಲೆಯ ಮೇಲಿರುತ್ತಿತ್ತು. ಜ್ಯೋತಿಲಕ್ಷ್ಮಿ ಎರಡನ್ನೂ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

“ಏನಕ್ಕಾ ಹಂಗ್ ನೋಡ್ತೀರ? ನಾನಾ?”

“ಹತ್ತು ಲೋಕೇಶ. ಎಲ್ಲರ ಎದುರಿಗೆ ಹತ್ತು. ಏನ್ ಸಿಕ್ಕುದ್ರೂ ಮುಟ್ಬೇಡ, ಬರೀ ಬಾಯಲ್ಲಿ ಹೇಳು.”

“ಹತ್ತುದ್ರೂ ಕಳ್ಳ, ಹತ್ತದೆ ಇದ್ರೂ ಕಳ್ಳ. ಒಳ್ಳೇ ಕತೆ ಆಯ್ತಲ್ಲ ಗುರು.” ಗೊಣಗುತ್ತಲೇ ಏಣಿ ಬಿಚ್ಚಿದ.

ಅವನು ಎಲೆಗಳೊಳಗೆ ಸೊಂಟದವರೆಗೂ ಮುಳುಗಿದ. ಸ್ವಲ್ಪ ಹೊತ್ತು ಎಲೆ ಅಲುಗಿದ್ದಷ್ಟೇ ಕೇಳಿಸಿತು.

“ಅಕ್ಕಾ.” ದನಿ ಬದಲಾಗಿತ್ತು. “ಕ್ಯಾಮೆರಾ ಇದೆ. ಬೆರಳಷ್ಟು. ನಮ್ಮ ಕಂಪನಿದಲ್ಲ, ದೇವರಾಣೆ. ಕೆಂಪು ಲೈಟ್ ಉರೀತಾ ಇದೆ.”

“ಯಾವ ಕಡೆ ನೋಡ್ತಿದೆ? ರಸ್ತೆ ಕಡೆನಾ?”

“ಇಲ್ಲಕ್ಕ. ಮನೆಗಳ ಕಡೆ. ಬಾಗಿಲುಗಳನ್ನ.”

ಜ್ಯೋತಿಲಕ್ಷ್ಮಿ ತಿರುಗಿ ಸಾಲುಮನೆಗಳನ್ನು ನೋಡಿದಳು. ಗಂಡನದು ಬೆಳಗಿನ ಪಾಳಿ, ಹೆಂಡತಿಯದು ಮಧ್ಯಾಹ್ನದ್ದು, ಮನೆಗೊಂದೇ ಬೀಗದ ಕೈ. ಹೋಗುವವರು ಬರುವವರಿಗಾಗಿ ಅದನ್ನು ಎಲ್ಲಾದರೂ ಇಟ್ಟು ಹೋಗಲೇಬೇಕು. ಒಬ್ಬರದು ಮೀಟರ್ ಪೆಟ್ಟಿಗೆಯ ಮೇಲೆ, ಒಬ್ಬರದು ಹಳೆ ಚಪ್ಪಲಿಯೊಳಗೆ, ಒಬ್ಬರದು ಕಿಟಕಿಯ ಸಂದಿಯಲ್ಲಿ. ಅತ್ತೆ ದೇವಸ್ಥಾನಕ್ಕೆ ಹೋಗುವಾಗ ಇಡುವುದು ತುಳಸಿಕಟ್ಟೆಯ ದೀಪದ ಗೂಡಿನಲ್ಲಿ. ಇಡುವಾಗ ಎಲ್ಲರೂ ಎಡಕ್ಕೆ ನೋಡುತ್ತಿದ್ದರು, ಬಲಕ್ಕೆ ನೋಡುತ್ತಿದ್ದರು. ಮೇಲೆ ಯಾರು ನೋಡುತ್ತಾರೆ?

ಬೀಗ ಯಾಕೆ ಮುರಿಯಬೇಕು? ಅವನು ಎಲ್ಲರ ಮನೆಗೂ ಅವರದೇ ಬೀಗದ ಕೈಯಿಂದ ಹೋಗಿದ್ದ.

ಬೀದಿಯ ವಾಟ್ಸಾಪ್ ಗುಂಪಿಗೆ ಅವಳೇ ಹೆಸರಿಟ್ಟಿದ್ದಳು. ‘ನಮ್ಮ ಬೀದಿ ನಮ್ಮ ಕಣ್ಣು’. ಗ್ಯಾಸ್ ಪೈಪ್ ಚೆಕಿಂಗ್ ಎಂದು ಬಂದ ನಕಲಿಯವನೊಬ್ಬನನ್ನು ಬೀದಿಯ ಹೆಂಗಸರು ಕೂರಿಸಿ, ಕಾಫಿ ಕೊಟ್ಟು, ಕುಡಿದು ಮುಗಿಸುವಷ್ಟರಲ್ಲಿ ಏಜೆನ್ಸಿಯವರನ್ನೇ ಕರೆಸಿ ಹಿಡಿದುಕೊಟ್ಟದ್ದು ಆ ಗುಂಪಿನಿಂದಲೇ. ಬೀದಿಗೆ ನಿಜವಾಗಿಯೂ ಕಣ್ಣು ಬಂದಿತ್ತು. ಆದರೆ ಅದು ಮರದ ಮೇಲಿತ್ತು, ಬೇರೆಯವನದಾಗಿತ್ತು.

“ಕರೆಂಟ್ ಎಲ್ಲಿಂದ ತಗೊಂಡವ್ನೆ ನೋಡ್ಲಾ,” ಎಂದರು ರಾಮಾಂಜಿನಪ್ಪ. ಈಗ ದನಿಯಲ್ಲಿ ಜೋರಿರಲಿಲ್ಲ.

“ವೈರ್ ಇದೆ ಯಜಮಾನ್ರೇ. ತೊಗಟೆ ಬಣ್ಣದ ಟೇಪ್ ಸುತ್ತವ್ನೆ, ಹುಷಾರಿ ನನ್ಮಗ. ಟೇಪ್ ಹಳೇದು, ತಿಂಗಳುಗಳೇ ಆಗಿರ್ಬೇಕು; ನೆನ್ನೆ ಬಂದಿದ್ದು ಕ್ಯಾಮೆರಾ ಸರಿ ಮಾಡೋಕೆ. ಬುಡದವರ್ಗೂ ಬಂತು... ಕಾಂಪೌಂಡ್ ಹತ್ತಿತು... ನೀರಿನ ಪೈಪ್ ಹಿಂದೆ...”

ಅವನ ಬೆರಳು ಗಾಳಿಯಲ್ಲಿ ತಂತಿಯ ಹಿಂದೆ ಹೋಗುತ್ತಿತ್ತು. ಅಂಗಳದಲ್ಲಿದ್ದವರ ಕಣ್ಣು ಬೆರಳಿನ ಹಿಂದೆ. ಬೆರಳು ಒಂದು ಕಡೆ ನಿಂತಿತು.

“ಹೇಳೋ.”

“ನಿಮ್ಮ ಅಡಿಗೆಮನೆ ಕಿಟಕಿ, ಅಕ್ಕ.”

ರಸ್ತೆಯ ಆ ತುದಿಯಲ್ಲಿ ಬೆಳ್ಳುಳ್ಳಿ ಮಾರುವ ಆಟೋ ಒಳಕ್ಕೆ ತಿರುಗಿತು. ಅದರ ಮೈಕಿನ ಧ್ವನಿಮುದ್ರಿತ ಗಂಡಸು ಒಂದೇ ರಾಗದಲ್ಲಿ ಕೂಗುತ್ತಿದ್ದ: ಬೆಳ್ಳುಳ್ಳಿ, ಬೆಳ್ಳುಳ್ಳೀ, ನಾಟಿ ಬೆಳ್ಳುಳ್ಳೀ.

“ಅಕ್ಕಾ!” ಲೋಕೇಶ್ ಮರದ ಮೇಲಿಂದ ಕಿರುಚಿದ. “ಲೈಟ್ ಆಫ್ ಆಯ್ತು! ಈಗ, ಈಗ್ಲೇ! ಯಾರೋ ಪ್ಲಗ್ ಕಿತ್ರು!”

ಮಾವ ಅಂಗಳದಲ್ಲಿದ್ದರು. ಹಣಮಂತ ಬೀಗದೊಳಗಿದ್ದ. ಮನೆಯೊಳಗಿದ್ದದ್ದು ತುಳಸಿಗೆ ನೀರು ತರಲು ಹೋದವರು ಒಬ್ಬರೇ.

ಅಡಿಗೆಮನೆಯಲ್ಲಿ ವೆಂಕಟಮ್ಮನ ಕೈ ಗ್ರೈಂಡರಿನ ಹಿಂದೆ ಮೊಣಕೈವರೆಗೆ ಹೋಗಿತ್ತು. ಚೆಂಬು ಖಾಲಿಯಾಗಿ ಪಕ್ಕದಲ್ಲಿತ್ತು. ಸೊಸೆಯನ್ನು ಕಂಡು ಕೈ ಹೊರಬಂತು. ಕೈಯಲ್ಲಿ ಪ್ಲಗ್ಗು.

“ಅತ್ತೆ.”

“ಶ್! ಮೆಲ್ಲಕ್ಕೆ.” ವೆಂಕಟಮ್ಮ ಬಾಗಿಲ ಕಡೆ ನೋಡಿದರು. ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಗುಟ್ಟು ಕಾಯುವವರ ಠೀವಿ ಇತ್ತು, ಅದು ಇನ್ನೂ ಭಯಂಕರವಾಗಿತ್ತು. “ಅದು ಪೊಲೀಸ್ನೋರ್ದೇ ಕಣೆ. ಯಾರ್ಗೂ ಏಳ್ಬ್ಯಾಡ.”

“ಯಾವ ಪೊಲೀಸ್ನೋರು?”

“ಸಾಯೇಬ್ರು. ಫೋನ್ ಮಾಡ್ತಿರ್ತಾರೆ. ಯುಗಾದಿ ಸಮಯ್ದಾಗೆ ಮೊದ್ಲು ಮಾಡುದ್ರು. ಈ ಕಡೆ ಕಳ್ತನ ಜಾಸ್ತಿ ಆಗೈತೆ, ನಂಬಿಕಸ್ತರೊಬ್ರು ಬೇಕು ಅಂದ್ರು. ಕ್ಯಾಮ್ರಾ ಆಕ್ತೀವಿ, ನೀವು ಬರೀ ಕರೆಂಟ್ ಕೊಡಿ, ಮನೇವ್ರ್ಗೂ ಏಳ್ಬ್ಯಾಡಿ, ಗೊತ್ತಾದ್ರೆ ಕಳ್ಳ ಉಸಾರಾಗ್ತಾನೆ ಅಂತ. ಯಾರಾದ್ರೂ ನೋಡ್ಬುಟ್ರೆ ತಕ್ಷಣ ಪ್ಲಗ್ ಕೀಳಿ ಅಂತ.”

“ಅವರನ್ನ ಕಣ್ಣಲ್ಲಿ ನೋಡಿದ್ದೀರಾ ಅತ್ತೆ? ಒಂದ್ಸಲ ಆದ್ರೂ?”

ವೆಂಕಟಮ್ಮ ಪ್ಲಗ್ಗನ್ನು ಸೆರಗಿನಲ್ಲಿ ಒರೆಸತೊಡಗಿದರು.

“ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಅಂದಿದ್ದು ಯಾರು?”

“...ಸಾಯೇಬ್ರು. ಟೆಸ್ಟಿಂಗ್ ಐತೆ, ಸ್ವಲ್ಪೊತ್ತು ಮನೆ ಖಾಲಿ ಇರ್ಲಿ ಅಂದ್ರು.”

“ಹಣಮಂತನ ಹೆಸರು ಹೇಳಿದ್ದು?”

“ಆ ಬಾಡಿಗೆ ಹುಡುಗನ ಮ್ಯಾಲೆ ನಮ್ಗೆ ಅನ್ಮಾನ ಐತೆ, ನೀವು ಕಂಪ್ಲೇಂಟ್ ಕೊಡಿ ಅಂತ...” ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡಂತೆ ವೆಂಕಟಮ್ಮ ಗ್ರೈಂಡರಿಗೆ ಒರಗಿದರು. ಆಮೇಲೆ, ಇದ್ದಕ್ಕಿದ್ದಂತೆ, ಕೋಪದಿಂದ: “ಬೀದಿಗೆಲ್ಲ ನೀನೇ ಕಣ್ಣು, ನೀನೇ ಬುದ್ಧಿ. ಎಲ್ರೂ ನಿನ್ನೇ ಒಗಳ್ತಾರೆ. ನನ್ನ ಯಾರ್ ಕೇಳವ್ರೆ? ಅವ್ರು ಕೇಳುದ್ರು. ಅಮ್ಮಾ ನೀವೇ ಆಗ್ಬೇಕು ಅಂದ್ರು.”

ಜ್ಯೋತಿಲಕ್ಷ್ಮಿಗೆ ಬೈಯಲು ಇಡೀ ರಾತ್ರಿ ಇತ್ತು. ಹಣಮಂತನಿಗೆ ಅಷ್ಟು ಹೊತ್ತಿರಲಿಲ್ಲ.

ವೆಂಕಟಮ್ಮನ ಸೆರಗಿನ ಮರೆಯಲ್ಲಿ ಫೋನು ಹೊಡೆದುಕೊಂಡಿತು.

ಪರದೆಯ ಮೇಲೆ ಹೆಸರು: ಪೊಲೀಸ್ ಸಾಹೇಬ್ರು.

ಜ್ಯೋತಿಲಕ್ಷ್ಮಿ ಸ್ಪೀಕರ್ ಒತ್ತಿದಳು. ಫೋನನ್ನು ಅತ್ತೆಯ ಬಾಯಿಯ ಮುಂದೆ ಹಿಡಿದುಕೊಂಡೇ ಅವರನ್ನು ಅಂಗಳಕ್ಕೆ ನಡೆಸಿಕೊಂಡು ಬಂದಳು. ಮಾತಾಡಬೇಡಿ ಎಂದು ಮಾವನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು.

“ಅಮ್ಮಾ, ಒಳ್ಳೇ ಕೆಲಸ ಮಾಡಿದ್ರಿ. ಕ್ಯಾಮೆರಾ ಆಫ್ ಆಗಿದ್ದು ನೋಡ್ದೆ.” ಸ್ವಚ್ಛವಾದ ಬೆಂಗಳೂರು ಕನ್ನಡ. ತೂಕದ ದನಿ, ಆತುರವಿಲ್ಲದ್ದು. “ಡಿಪಾರ್ಟ್‌ಮೆಂಟ್ ನಿಮ್ಮನ್ನ ಮರೆಯಲ್ಲ. ಈಗ ಜೀಪ್ ಬರುತ್ತೆ. ಸುಮ್ನೆ ಆ ಹುಡುಗನ್ನ ಹತ್ತಿಸಿ ಕಳ್ಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ. ಸರ ಸಂಜೆ ಒಳಗೆ ನಿಮ್ಮ ಕೈಲಿರುತ್ತೆ.”

“ಆಯ್ತು ಸಾ...” ವೆಂಕಟಮ್ಮನ ದನಿ ನಡುಗಿತು.

“ಮತ್ತೆ ನಿಮ್ಮ ಸೊಸೆಗೆ ಸ್ವಲ್ಪ ಹೇಳಿ ಅಮ್ಮ. ಈಗ್ಲೂ ಪೊರಕೆ ಹಿಡ್ಕೊಂಡು ಅಂಗಳದಲ್ಲಿ ನಿಂತು ಪತ್ತೇದಾರಿಕೆ ಮಾಡೋದು ಬೇಡ ಅಂತ.”

ಜ್ಯೋತಿಲಕ್ಷ್ಮಿ ತನ್ನ ಎಡಗೈ ನೋಡಿಕೊಂಡಳು. ಪೊರಕೆ ಅಲ್ಲೇ ಇತ್ತು. ಅದನ್ನು ಕೆಳಗಿಡುವುದನ್ನೇ ಮರೆತಿದ್ದಳು.

ಕ್ಯಾಮೆರಾ ಆರಿತ್ತು. ಲೋಕೇಶ್ ಎರಡೂ ಕೈಯಲ್ಲಿ ಕೊಂಬೆ ಅಪ್ಪಿಕೊಂಡು ಮರದ ಮೇಲಿದ್ದ. ಹಣಮಂತನ ಫೋನು ಮಾವನ ಜೇಬಿನಲ್ಲಿತ್ತು. ಹಾಗಾದರೆ ಅವಳ ಕೈಯ ಪೊರಕೆಯನ್ನು ನೋಡುತ್ತಿದ್ದ ಕಣ್ಣು ಯಾವುದು?

ಬೆಳ್ಳುಳ್ಳಿ, ಬೆಳ್ಳುಳ್ಳೀ, ಎಂದಿತು ಬೀದಿ.

ಒಂದು ಉಸಿರು ತಡವಾಗಿ ಫೋನೂ ಅದನ್ನೇ ಎಂದಿತು. ಬೆಳ್ಳುಳ್ಳಿ, ಬೆಳ್ಳುಳ್ಳೀ.

ಅವನು ಇಲ್ಲೇ ಇದ್ದ. ಗೇಟಿನ ಮುಂದೆ ಬೀದಿ ಪಾಳಿ ಬದಲಾಗುವ ಹೊತ್ತಿನ ಜನದಿಂದ ತುಂಬಿತ್ತು; ಊಟದ ಡಬ್ಬಿ ಹಿಡಿದವರು, ಇಸ್ತ್ರಿ ಗಾಡಿಯವರು, ಬಾಗಿಲಲ್ಲಿ ನಿಂತವರು, ಕಿವಿಗೆ ಫೋನಿಟ್ಟುಕೊಂಡವರು ಎಷ್ಟೋ ಮಂದಿ.

ಕಳ್ಳತನ ಹೆಚ್ಚಾದ ಮೇಲೆ ಬೀದಿಯವರೆಲ್ಲ ಸೇರಿ ಎರಡು ತುದಿಗೂ ಕಬ್ಬಿಣದ ಗೇಟು ಹಾಕಿಸಿದ್ದರು. ಹಗಲು ಎರಡೂ ತೆರೆದಿರುತ್ತಿದ್ದವು. ಮುಚ್ಚಬೇಕಿತ್ತು. ಆದರೆ ಗೇಟು ಎಂದು ಬಾಯಿಬಿಟ್ಟರೆ ಫೋನು ಕೇಳಿಸಿಕೊಳ್ಳುತ್ತಿತ್ತು, ಬೀದಿಯೂ ಕೇಳಿಸಿಕೊಳ್ಳುತ್ತಿತ್ತು.

ಅವಳು ದೇವಕ್ಕನ ಕಣ್ಣು ಹಿಡಿದಳು. ಫೋನನ್ನು ಅತ್ತೆಯ ಕೈಗಿತ್ತು, ಮಣ್ಣು ಗುಡಿಸುವವಳಂತೆ ಬಗ್ಗಿ, ಪೊರಕೆಯನ್ನು ಬೀದಿಯ ಮೇಲಿನ ತುದಿಗೊಮ್ಮೆ, ಕೆಳಗಿನ ತುದಿಗೊಮ್ಮೆ ಎಳೆದಳು. ಮತ್ತೆ ಎರಡನ್ನೂ ಒಟ್ಟಿಗೆ ತಂದು ಕೂಡಿಸಿದಳು.

ದೇವಕ್ಕ ಒಂದು ಗಳಿಗೆ ನೋಡಿದಳು. ಆಮೇಲೆ ಮೂಗೊರೆಸಿಕೊಂಡು, ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದ ನೆರೆಮನೆಯ ಬಸಕ್ಕನಿಗೆ, ಅಡಿಗೆಯ ಮಾತಾಡುವವಳ ಹಾಗೆ ಕೂಗಿದಳು:

“ಬಸಕ್ಕಾ! ಎರಡೂ ಕಡೆ ಅಗಸಿ ಹಾಕವಾ! ಲಗೂ!”

ಗೇಟಿನ ಬಳಿಯ ಲೋಕಲ್ ಹೆಂಗಸೊಬ್ಬಳು ಪಕ್ಕದವಳಿಗೆ, “ಇಂಥಾ ಹೊತ್ತಲ್ಲೂ ಅಗಸೆ ಚಟ್ನಿನಾ ಇವ್ರಿಗೆ?” ಎಂದಳು.

ಬಸಕ್ಕನ ಕೈಯಿಂದ ಬಟ್ಟೆ ಬಿತ್ತು. ಅವಳ ಊರಲ್ಲಿ ಅಗಸಿ ಎಂದರೆ ಊರ ಬಾಗಿಲು. ಅವಳು ಮಾಳಿಗೆಯಿಂದ ಮಾಳಿಗೆಗೆ ಮಾತು ದಾಟಿಸಿದಳು. ಅಲ್ಲಿಂದ ಇನ್ನೊಬ್ಬಳು. ಬಿಜಾಪುರ, ಬಾಗಲಕೋಟೆ, ಕೊಪ್ಪಳದ ಹೆಂಗಸರ ಬಾಯಿಂದ ಬಾಯಿಗೆ ಆ ಪದ ತಂತಿಯ ಮೇಲಿನ ಹಕ್ಕಿಯಂತೆ ಹಾರಿ ಹೋಯಿತು.

“ಹಲೋ? ಅಮ್ಮಾ, ಕೇಳಿಸ್ತಿದೆಯಾ?” ಎಂದ ಸಾಹೇಬ.

“ಊಂ ಸಾ. ಏಳಿ ಸಾ,” ಎಂದರು ವೆಂಕಟಮ್ಮ. ಈ ಸಲ ಅವರ ದನಿ ನಡುಗಲಿಲ್ಲ. ಸೊಸೆಯ ಮುಂಗೈಯನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮೇಲಿನ ಗೇಟು ದೂರದಲ್ಲಿ ಠಣ್ ಎಂದಿತು.

ಕೆಳಗಿನ ಗೇಟಿನ ಚಿಲಕ ಸಡಿಲ. ಅದು ಯಾವಾಗಲೂ ಎರಡು ಸಲ ಬಡಿಯುತ್ತದೆ. ಠಣ್, ಠಣ್. ಬೀದಿಯಲ್ಲಿ ಅದು ಮಂದವಾಗಿ ಕೇಳಿಸಿತು. ಫೋನಿನಲ್ಲಿ ಕಿವಿ ಗಡಚಿಕ್ಕುವಂತೆ ಕೇಳಿಸಿತು.

ಅವನು ಆ ಗೇಟಿನ ಪಕ್ಕದಲ್ಲೇ ಇದ್ದ. ಒಳಭಾಗದಲ್ಲಿ.

ರಾಮಾಂಜಿನಪ್ಪನ ಕೈ ತಾನಾಗಿಯೇ ಉಡಿದಾರಕ್ಕೆ ಹೋಯಿತು. ಹಣಮಂತನ ಕೋಣೆಯ ಬೀಗದ ಕೈ ಬಿಚ್ಚಿ ದೇವಕ್ಕನ ಮುಂದೆ ಹಿಡಿದರು. ಅವರ ಬೆರಳುಗಳ ಸಂದಿಯಲ್ಲಿ ತುಳಸಿಯ ಮಣ್ಣು ಇನ್ನೂ ಇತ್ತು.

ದೇವಕ್ಕನ ಕೈ ಮುಂದೆ ಬಂತು.

ಫೋನು ಇನ್ನೂ ಕಡಿದಿರಲಿಲ್ಲ. ಅದರೊಳಗೆ ಯಾರೋ ನಿಧಾನವಾಗಿ ಉಸಿರು ಬಿಟ್ಟರು. ಮತ್ತೆ ಮಾತು ಬಂದಾಗ ಸಾಹೇಬನ ತೂಕ ಇರಲಿಲ್ಲ, ಬೆಂಗಳೂರೂ ಇರಲಿಲ್ಲ. ಹುಡುಗಾಟದ, ಹತ್ತಿರದ, ಒಂದೇ ಗಂಗಾಳದಲ್ಲಿ ಉಂಡವನ ದನಿ.

“ಅಗಸಿ ಅಂದ್ರ ಏನಂತ ನನಗೂ ತಿಳೀತೈತಿ, ದೇವಕ್ಕಾ.”

ಕರೆ ಕಡಿಯಿತು.

ದೇವಕ್ಕನ ಕೈ ಬೀಗದ ಕೈಯಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ಅವಳ ಮುಖದಿಂದ ಅಳು ಹೋಗಿತ್ತು. ಅಳುವಿನ ಜಾಗದಲ್ಲಿ ಬೇರೆಯದೇನೋ ಬಂದು ಕೂತಿತ್ತು.

“ಯಾರದು ದೇವಕ್ಕ?” ಜ್ಯೋತಿಲಕ್ಷ್ಮಿ ಕೇಳಿದಳು. “ಗೊತ್ತಿರೋ ದನಿನಾ?”

ಬೀಗ ಹಾಕಿದ ಬಾಗಿಲ ಹಿಂದಿನಿಂದ ಹಣಮಂತ ದಬದಬ ಬಡಿದ. ಅವನಿಗೂ ಆ ಮಾತು ಕೇಳಿಸಿತ್ತು. “ಯಕ್ಕಾ! ಯಕ್ಕಾ, ಆ ದನಿ ನಮ್ಮ ಮನೀ...”

“ಬಾಯಿ ಮುಚ್ಚ!”

ಬೆಳಿಗ್ಗೆಯಿಂದ ಅವನನ್ನು ಬಿಡಿಸಲು ಕಂಡಕಂಡವರ ಕಾಲು ಹಿಡಿದಿದ್ದ ಹೆಂಗಸಿನ ಬಾಯಿಂದ ಬಂದ ಆ ಕೂಗಿಗೆ ಮರದ ಮೇಲಿದ್ದ ಲೋಕೇಶ್ ಕೂಡ ಬೆಚ್ಚಿದ. ಬಾಗಿಲು ಬಡಿಯುವುದು ನಿಂತಿತು.

ಕೆಳಗಿನ ಗೇಟಿನ ಆಚೆ ಪೊಲೀಸ್ ಜೀಪು ಹಾರ್ನ್ ಮಾಡಿತು, ತೆರೆಯಿರಿ ಎಂದು.

ದೇವಕ್ಕ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸೆರಗಿನಲ್ಲಿ ಅದನ್ನು ಒರೆಸಿಕೊಂಡಳು. ಬಾಗಿಲು ತೆಗೆದರೆ ಹಣಮಂತನ ಬಾಯಿಂದ ಆ ಹೆಸರು ಹೊರಬೀಳುತ್ತಿತ್ತು. ಯಾರ ಮುಖವನ್ನೂ ನೋಡದೆ, ಬಹಳ ಮೆಲ್ಲಗೆ ಹೇಳಿದಳು:

“ಕೀಲಿಕೈ ನಿಮ್ಮ ಕಡೀನ ಇರ್ಲಿ, ಮಾಲಕ್ರ. ತಗೀಬ್ಯಾಡ್ರಿ.”